ಕೆಟ್ಟಿದ್ದು ಗೇರ್‌ಬಾಕ್ಸ್ ಅಲ್ಲ, ಕಾವಲಿಲ್ಲದ ತಂತಿ

ಎಬಿಎಸ್ ಬ್ರೇಕ್ ಹೊಸದಾಗಿ ರಸ್ತೆಗೆ ಬಂದಿದ್ದ ಕಾಲ. ಜರ್ಮನಿಯ ಆಟೋಬಾನ್ ಹೆದ್ದಾರಿಯ ಒಂದು ತಿರುವಿನಲ್ಲಿ ಮರ್ಸಿಡಿಸ್ ಬೆಂಜ್ ಕಾರುಗಳ ಬ್ರೇಕ್ ಕೈಕೊಡುತ್ತಿತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು ಹತ್ತಿರದಲ್ಲೇ ಇದ್ದ ಒಂದು ರೇಡಿಯೊ ಟ್ರಾನ್ಸ್‌ಮಿಟರ್. ಅದರ ಅಲೆಗಳು ಬ್ರೇಕಿನ ಎಲೆಕ್ಟ್ರಾನಿಕ್ ವ್ಯವಸ್ಥೆಗೆ ನುಗ್ಗಿ ಗೊಂದಲ ಎಬ್ಬಿಸುತ್ತಿದ್ದವು. ತಾತ್ಕಾಲಿಕ ಪರಿಹಾರವಾಗಿ ರಸ್ತೆಯ ಬದಿಯಲ್ಲಿ ಜಾಲರಿ ಕಟ್ಟಿ ಅಲೆಗಳನ್ನು ತಡೆಯಬೇಕಾಯಿತು. ವಿದ್ಯುತ್ಕಾಂತೀಯ ಅಡಚಣೆಯಿಂದಾದ ವೈಫಲ್ಯಗಳ ಬಗ್ಗೆ ಅಮೆರಿಕದ ನಾಸಾ 1995ರಲ್ಲಿ ಹೊರತಂದ ವರದಿಯಲ್ಲಿ ಈ ಪ್ರಕರಣ ದಾಖಲಾಗಿದೆ.

ಅಂದು ಬ್ರೇಕಿಗೆ ಬಂದ ಕಷ್ಟ ಇಂದು ಗೇರಿಗೂ ಬರಬಹುದು. ಏಕೆಂದರೆ ಗೇರ್ ಬದಲಿಸುವ ಕೆಲಸವನ್ನು ಚಾಲಕನ ಕೈಯಿಂದ ಕಂಪ್ಯೂಟರ್ ವಹಿಸಿಕೊಂಡಿದೆ. 2014ರ ಫೆಬ್ರುವರಿಯಲ್ಲಿ ಮಾರುತಿ ಸುಜುಕಿಯ ಸೆಲೆರಿಯೊ ಕಾರು ಎಎಂಟಿ ಗೇರ್‌ಬಾಕ್ಸಿನೊಂದಿಗೆ ಬಂದ ಮೇಲೆ ಕ್ಲಚ್ ಪೆಡಲ್ ಇಲ್ಲದ ಕಾರು ಮಧ್ಯಮ ವರ್ಗದ ಮನೆಯಂಗಳಕ್ಕೂ ತಲುಪಿತು. ಕೆಎಸ್‌ಆರ್‌ಟಿಸಿ 2023ರಲ್ಲಿ ರಸ್ತೆಗಿಳಿಸಿದ ‘ಅಂಬಾರಿ ಉತ್ಸವ’ ವೋಲ್ವೊ ಬಸ್ಸುಗಳಲ್ಲೂ ಗೇರ್ ಬದಲಿಸುವುದು ಎಲೆಕ್ಟ್ರಾನಿಕ್ ನಿಯಂತ್ರಕವೇ. ರಾತ್ರಿಯಿಡೀ ಘಾಟಿ ಹತ್ತಿಳಿಯುವ ಬಸ್ಸಿನಲ್ಲಿ ಯಾವ ಗೇರ್ ಯಾವಾಗ ಬೀಳಬೇಕೆಂಬ ನಿರ್ಧಾರ ತೆಳುವಾದ ಕೆಲವು ತಂತಿಗಳು ಹೊತ್ತು ತರುವ ಸುದ್ದಿಯ ಮೇಲೆ ನಿಂತಿದೆ.

ಆ ತಂತಿಗಳ ವಿಷಯದಲ್ಲಿ ನಮ್ಮಲ್ಲಿರುವ ಅಸಡ್ಡೆ ಅಪಾಯಕಾರಿ. ಬ್ರೇಕ್ ಪೈಪನ್ನು ಕತ್ತರಿಸಿ ಅದರಿಂದ ಇನ್ನೊಂದು ಕವಲು ತೆಗೆಯಲು ಯಾವ ಮೆಕ್ಯಾನಿಕ್ಕೂ ಒಪ್ಪುವುದಿಲ್ಲ. ಆದರೆ ಸೆನ್ಸರ್ ವೈರಿನ ಸಿಪ್ಪೆ ಸುಲಿದು, ಇನ್ನೊಂದು ವೈರ್ ಸುತ್ತಿ, ಮೇಲೆ ಕಪ್ಪು ಟೇಪ್ ಅಂಟಿಸುವುದು ದಿನನಿತ್ಯದ ಕೆಲಸ. ಬ್ರೇಕಿಗೆ ಸಲ್ಲುವ ಗೌರವ ನಿಯಂತ್ರಕದ ವೈರಿಂಗಿಗೂ ಸಲ್ಲಬೇಕು. ಅದನ್ನು ಮುಟ್ಟುವವರಿಗೆ ತರಬೇತಿ ಬೇಕು, ಮುಟ್ಟುವ ಕ್ರಮಕ್ಕೆ ನಿಯಮ ಬೇಕು.

ಗೇರ್‌ಬಾಕ್ಸಿನ ನಿಯಂತ್ರಕಕ್ಕೆ, ಅಂದರೆ ಟಿಸಿಎಂಗೆ, ಕಣ್ಣಿಲ್ಲ. ಗೇರ್‌ಬಾಕ್ಸಿನ ಒಳಬರುವ ಶಾಫ್ಟ್ ಎಷ್ಟು ವೇಗವಾಗಿ ತಿರುಗುತ್ತಿದೆ, ಹೊರಹೋಗುವ ಶಾಫ್ಟ್ ಎಷ್ಟು ವೇಗವಾಗಿ ತಿರುಗುತ್ತಿದೆ, ಎಣ್ಣೆ ಎಷ್ಟು ಬಿಸಿಯಾಗಿದೆ ಎಂಬುದನ್ನೆಲ್ಲ ಅದು ಸೆನ್ಸರುಗಳಿಂದ ತಿಳಿಯುತ್ತದೆ. ಎರಡು ಶಾಫ್ಟುಗಳ ವೇಗವನ್ನು ಭಾಗಿಸಿ ನೋಡಿ, ಹಾಕಿದ ಗೇರ್ ನಿಜವಾಗಿಯೂ ಬಿದ್ದಿದೆಯೇ ಎಂದು ಲೆಕ್ಕ ಹಾಕುತ್ತದೆ. ಬಳಿಕ ಸೊಲೆನಾಯ್ಡ್ ವಾಲ್ವುಗಳಿಗೋ ಮೋಟಾರಿಗೋ ಆಜ್ಞೆ ಹೋಗುತ್ತದೆ.

ಇಷ್ಟಕ್ಕೆಲ್ಲ ಆಧಾರವಾದ ವೇಗದ ಸೆನ್ಸರ್ ಹಲವು ವಾಹನಗಳಲ್ಲಿ ಒಂದು ಅಯಸ್ಕಾಂತ ಮತ್ತು ಅದರ ಸುತ್ತಲಿನ ತಂತಿ ಸುರುಳಿ, ಅಷ್ಟೇ. ಎದುರಿಗೆ ಹಲ್ಲಿನ ಚಕ್ರ ತಿರುಗಿದಾಗ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ವಾಹನ ವೇಗವಾಗಿ ಓಡುವಾಗ ಅದು ಹತ್ತಾರು ವೋಲ್ಟ್ ತಲುಪುತ್ತದೆ. ಸಿಗ್ನಲಿನಲ್ಲಿ ತೆವಳುವಾಗ ಒಂದು ವೋಲ್ಟಿಗಿಂತಲೂ ಕಡಿಮೆ. ಅದೇ ಬಾನೆಟ್ಟಿನ ಕೆಳಗೆ ಪೆಟ್ರೋಲ್ ಎಂಜಿನ್ನಿನ ಇಗ್ನಿಷನ್ ಕಾಯಿಲ್ 20 ಸಾವಿರ ವೋಲ್ಟಿಗೂ ಮೇಲ್ಪಟ್ಟ ಕಿಡಿ ಹಾರಿಸುತ್ತಿರುತ್ತದೆ. ಪಕ್ಕದ ತಂತಿಯಲ್ಲಿ ಕರೆಂಟ್ ಥಟ್ಟನೆ ಏರಿಳಿದರೆ ಈ ತಂತಿಯಲ್ಲೂ ಪ್ರೇರಿತ ವೋಲ್ಟೇಜ್ ಮೂಡುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿಕೊಟ್ಟ ತತ್ವ ಅದು. ಹೀಗೆ ಮೂಡಿದ ಸುಳ್ಳು ಮಿಡಿತವನ್ನೂ ಹಲ್ಲಿನ ಚಕ್ರದ ಮಿಡಿತವನ್ನೂ ನಿಯಂತ್ರಕ ಬೇರೆ ಮಾಡಿ ನೋಡಲಾರದೆ ಹೋದರೆ ಲೆಕ್ಕ ತಪ್ಪುತ್ತದೆ. ಗೇರ್ ಅಕಾಲದಲ್ಲಿ ಬದಲಾಗಬಹುದು, ಗಾಡಿ ಜಗ್ಗಬಹುದು. ಇಲ್ಲವೇ ನಿಯಂತ್ರಕ ಸುರಕ್ಷತೆಗಾಗಿ ಲಿಂಪ್ ಮೋಡಿಗೆ ಹೋಗಿ ಒಂದೇ ಗೇರಿನಲ್ಲಿ ನಿಂತುಬಿಡಬಹುದು.

ನಿಯಂತ್ರಕ ತಂತಿಯ ಮಾತನ್ನು ಎಷ್ಟು ನಂಬುತ್ತದೆ ಎಂಬುದಕ್ಕೆ ಫೋಕ್ಸ್‌ವ್ಯಾಗನ್ ಕಂಪನಿ 2009ರಲ್ಲಿ ಅಮೆರಿಕದಲ್ಲಿ ಡಿಎಸ್‌ಜಿ ಗೇರ್‌ಬಾಕ್ಸಿನ ಕಾರುಗಳನ್ನು ವಾಪಸ್ ಕರೆಸಿಕೊಂಡ ಪ್ರಸಂಗವೇ ಸಾಕ್ಷಿ. ತಾಪಮಾನ ಸೆನ್ಸರಿನ ವೈರಿನ ತುದಿಯನ್ನು ಸರಿಯಾಗಿ ಒತ್ತಿ ಬಿಗಿದಿರಲಿಲ್ಲ. ಕ್ಲಚ್ ತಣ್ಣಗಿದ್ದರೂ ವಿಪರೀತ ಬಿಸಿಯಾಗಿದೆ ಎಂಬ ಸುದ್ದಿ ನಿಯಂತ್ರಕಕ್ಕೆ ಹೋಗಿ, ಓಡುವ ಕಾರು ನ್ಯೂಟ್ರಲ್‌ಗೆ ಬೀಳುವ ಸಂಭವವಿತ್ತು. ಅಲ್ಲಿ ಹೊರಗಿನ ಅಡಚಣೆ ಇರಲಿಲ್ಲ. ಆದರೂ ಗೇರ್‌ಬಾಕ್ಸಿನ ಒಂದೇ ಒಂದು ಹಲ್ಲು ಸವೆಯದೆ, ತಂತಿಯ ತುದಿಯೊಂದು ಇಡೀ ಯಂತ್ರವನ್ನು ದಾರಿ ತಪ್ಪಿಸಬಲ್ಲದು ಎಂಬುದು ಅಲ್ಲಿ ಸ್ಪಷ್ಟವಾಯಿತು.

ಹಾಗೆಂದು ಕಾರ್ಖಾನೆಯಿಂದ ಹೊರಬರುವ ವಾಹನಗಳೆಲ್ಲ ದುರ್ಬಲ ಎಂದು ಹೆದರಬೇಕಿಲ್ಲ. ಟೊಯೋಟಾ ಕಾರುಗಳು ತಾವಾಗಿಯೇ ವೇಗ ಹೆಚ್ಚಿಸಿಕೊಳ್ಳುತ್ತಿವೆ ಎಂಬ ದೂರುಗಳು ಅಮೆರಿಕದಲ್ಲಿ ಎದ್ದಾಗ ಅಲ್ಲಿನ ಸಾರಿಗೆ ಇಲಾಖೆ ನಾಸಾ ಎಂಜಿನಿಯರುಗಳ ನೆರವು ಕೇಳಿತು. ಅವರು ಆ ವಾಹನಗಳ ಮೇಲೆ ವಿದ್ಯುತ್ಕಾಂತೀಯ ವಿಕಿರಣವನ್ನು ಹಾಯಿಸಿ ಪರೀಕ್ಷಿಸಿದರು. ಅಂಥ ಅಡಚಣೆಯಿಂದ ಕಾರು ತಾನಾಗಿ ನುಗ್ಗುತ್ತದೆ ಎಂಬುದಕ್ಕೆ ಪುರಾವೆ ಸಿಗಲಿಲ್ಲ ಎಂದು 2011ರ ಫೆಬ್ರುವರಿಯಲ್ಲಿ ವರದಿ ಬಂತು. ಭಾರತದಲ್ಲೂ ಎಐಎಸ್-004ರ 3ನೇ ಭಾಗ ಇದೇ ವಿಷಯದ ಮಾನದಂಡ. ಪುಣೆಯ ಎಆರ್‌ಎಐಯಂಥ ಸಂಸ್ಥೆಗಳಲ್ಲಿ ಅಲೆಗಳು ಪ್ರತಿಫಲಿಸದಂತೆ ಕಟ್ಟಿದ ಕೋಣೆಯೊಳಗೆ ವಾಹನವನ್ನು ನಿಲ್ಲಿಸಿ ಪರೀಕ್ಷೆ ಮಾಡುತ್ತಾರೆ.

ಆದರೆ ಆ ಪರೀಕ್ಷೆ ಪಾಸಾಗುವುದು ಕಾರ್ಖಾನೆಯ ವಾಹನ. ರಸ್ತೆಯಲ್ಲಿ ಓಡುವುದು ಬೇರೆಯೇ ವಾಹನ. ಶೋರೂಮಿನಿಂದ ಹೊರಬಿದ್ದ ಗಾಡಿ ಅದೇ ವಾರ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ತನ್ನೂರಿನ ಆಕ್ಸೆಸರಿ ಅಂಗಡಿಯಲ್ಲೋ ನಿಲ್ಲುತ್ತದೆ. ದೊಡ್ಡ ಹಾರ್ನ್, ಪ್ರಖರ ದೀಪ, ಆಂಪ್ಲಿಫೈಯರ್, ರಿವರ್ಸ್ ಕ್ಯಾಮೆರಾ, ಜಿಪಿಎಸ್. ಟೂರಿಸ್ಟ್ ಬಸ್ಸಾದರೆ ಅಡಿಯಿಂದ ಮುಡಿಯವರೆಗೆ ಎಲ್‌ಇಡಿ ಪಟ್ಟಿ, ಟೀವಿ, ಇನ್ವರ್ಟರ್. ಇವುಗಳನ್ನು ಜೋಡಿಸಿದ ಮೇಲೆ ವಾಹನದ ವಿದ್ಯುತ್ ಗದ್ದಲ ಎಷ್ಟಾಯಿತೆಂದು ಅಳೆಯುವ ಏರ್ಪಾಡು ನಮ್ಮ ಎಫ್‌ಸಿ ಪರೀಕ್ಷೆಯಲ್ಲಿಲ್ಲ.

ನಮ್ಮ ಜನ ಅತಿ ಹೆಚ್ಚು ಪ್ರೀತಿಸುವ ಹಾರ್ನನ್ನೇ ತೆಗೆದುಕೊಳ್ಳಿ. ಸಾಮಾನ್ಯ ಡಿಸ್ಕ್ ಹಾರ್ನಿನೊಳಗೆ ಒಂದು ವಿದ್ಯುತ್ಕಾಂತ, ಒಂದು ಕಾಂಟ್ಯಾಕ್ಟ್ ಪಾಯಿಂಟ್ ಇರುತ್ತದೆ. ಗುಂಡಿ ಒತ್ತಿದಷ್ಟು ಹೊತ್ತೂ ಆ ಪಾಯಿಂಟ್ ಸೆಕೆಂಡಿಗೆ ಸುಮಾರು 400 ಸಲ ಕೂಡಿ ಕಳಚುತ್ತದೆ. ಒಂದೊಂದು ಸಲ ಕಳಚಿದಾಗಲೂ ಹಲವು ಆಂಪಿಯರ್ ಕರೆಂಟ್ ಥಟ್ಟನೆ ಕಡಿದು, ಕಾಯಿಲಿನಿಂದ ವೋಲ್ಟೇಜ್ ಚಿಮ್ಮುತ್ತದೆ. ಜೋಡಿ ಹಾರ್ನ್ ಹಾಕಿಸಿ, ಅದರ ವೈರನ್ನು ಗೇರ್‌ಬಾಕ್ಸಿನ ಸೆನ್ಸರ್ ವೈರಿನೊಂದಿಗೆ ಒಂದೇ ಕಟ್ಟಿನಲ್ಲಿ ಟೇಪ್ ಸುತ್ತಿ ಬಿಗಿದರೆ ಸೆನ್ಸರ್ ವೈರಿಗೆ ಆ ಚಿಮ್ಮುಗಳ ನೆರೆಹೊರೆಯೇ ಗತಿ.

ರಿಲೇ ಕೂಡ ಹಾಗೆಯೇ. 12 ವೋಲ್ಟಿನ ರಿಲೇ ಕಾಯಿಲನ್ನು ಆಫ್ ಮಾಡಿದ ಕ್ಷಣ, ತಡೆಯಿಲ್ಲದಿದ್ದರೆ, ನೂರಾರು ವೋಲ್ಟಿನ ವಿರುದ್ಧ ಚಿಮ್ಮು ಹುಟ್ಟುತ್ತದೆ. ಅದನ್ನು ಅಲ್ಲಿಯೇ ಅಡಗಿಸಲು ಕಾಯಿಲಿಗೆ ಅಡ್ಡಲಾಗಿ ಒಂದು ಡಯೋಡ್ ಸಾಕು. ಅದರ ಬೆಲೆ ಒಂದೆರಡು ರೂಪಾಯಿ. ಆ ಡಯೋಡ್ ಇಲ್ಲದ ಅಗ್ಗದ ರಿಲೇ ಕಿಟ್‌ಗಳು ಧಾರಾಳವಾಗಿ ಮಾರಾಟವಾಗುತ್ತವೆ. ಫಿಲ್ಟರ್ ಇಲ್ಲದ ಅಗ್ಗದ ಎಲ್‌ಇಡಿ ದೀಪದ ಡ್ರೈವರ್ ಸೆಕೆಂಡಿಗೆ ಲಕ್ಷಾಂತರ ಬಾರಿ ಕರೆಂಟನ್ನು ಕಡಿದು ಕೂಡಿಸುತ್ತದೆ. ದೀಪ ಹಾಕಿದೊಡನೆ ಎಫ್‌ಎಂ ರೇಡಿಯೊ ಗೊರಗೊರ ಎಂದರೆ ಕಾರಣ ಬಹುಮಟ್ಟಿಗೆ ಇದೇ. ಕಿವಿಗೆ ಕೇಳಿಸುವ ಆ ಗೊರಗೊರವನ್ನು ಒಂದು ಎಚ್ಚರಿಕೆಯೆಂದೇ ತಿಳಿಯಬೇಕು.

ಇನ್ನೊಂದು ಹಳೆಯ ಪದ್ಧತಿಯನ್ನಂತೂ ಇಂದೇ ಬಿಡಬೇಕು. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಳಚಿ, ಗಾಡಿ ನಿಲ್ಲದಿದ್ದರೆ ಡೈನಮೊ ಚಾರ್ಜ್ ಆಗುತ್ತಿದೆ ಎಂದು ತೀರ್ಮಾನಿಸುವ ರೂಢಿ ಅದು. ಕಾರ್ಬ್ಯುರೇಟರ್ ಕಾಲಕ್ಕೆ ನಡೆದುಹೋಯಿತು. ಚಾರ್ಜ್ ಕುಡಿಯುತ್ತಿದ್ದ ಬ್ಯಾಟರಿ ಥಟ್ಟನೆ ದೂರವಾದರೆ, ಚಿಮ್ಮು ತಡೆಯುವ ಡಯೋಡುಗಳಿಲ್ಲದ ಆಲ್ಟರ್ನೇಟರಿನ ವೋಲ್ಟೇಜ್ ಕ್ಷಣಕಾಲ 80ರಿಂದ 100ರವರೆಗೂ ಏರಬಲ್ಲದು. ಜಗತ್ತಿನ ವಾಹನ ತಯಾರಕರು ‘ಲೋಡ್ ಡಂಪ್’ ಎಂದು ಹೆಸರಿಟ್ಟು ಐಎಸ್‌ಒ ಮಾನದಂಡದ ಪ್ರಕಾರ ಪರೀಕ್ಷಿಸುವುದು ಇದನ್ನೇ. ಗಾಡಿಯಲ್ಲಿರುವ ಪ್ರತಿಯೊಂದು ನಿಯಂತ್ರಕದ ಮೇಲೂ ಆ ಪೆಟ್ಟು ಬೀಳುತ್ತದೆ.

ಅರ್ತಿಂಗ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಸ್ಟಾರ್ಟರ್ ಮೋಟಾರ್ ಎಳೆಯುವ ಕರೆಂಟ್ 150 ಆಂಪಿಯರ್ ಎಂದಿಟ್ಟುಕೊಳ್ಳಿ. ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಗೆ ಕಿಲುಬು ಹಿಡಿದು ಅಲ್ಲಿನ ರೋಧ ಒಂದು ಓಮಿನ ನೂರನೇ ಒಂದು ಭಾಗದಷ್ಟಾದರೂ 1.5 ವೋಲ್ಟ್ ಅಲ್ಲೇ ಉಳಿಯುತ್ತದೆ. ಸೆನ್ಸರಿನ ಅರ್ತನ್ನೂ ಅದೇ ಬೋಲ್ಟಿಗೆ ಬಿಗಿದಿದ್ದರೆ ಸೆನ್ಸರಿನ ಪಾಲಿಗೆ ಸೊನ್ನೆ ಎಂಬುದು ಸೊನ್ನೆಯಾಗಿ ಉಳಿಯುವುದಿಲ್ಲ. ವರ್ಷದ ನಾಲ್ಕು ತಿಂಗಳು ಮಳೆಯಲ್ಲಿ ನೆನೆಯುವ ಮಲೆನಾಡು ಮತ್ತು ಉಪ್ಪುಗಾಳಿಯ ಕರಾವಳಿಯಲ್ಲಿ ಇದು ಎಲ್ಲ ಗ್ಯಾರೇಜುಗಳ ಸಮಸ್ಯೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಎಂಜಿನ್ನಿಗೂ ಇಟ್ಟು, ಸೆಲ್ಫ್ ಹೊಡೆದು ನೋಡಿದರೆ ಉತ್ತರ ಸಿಗುತ್ತದೆ. ಅದಕ್ಕೆ ದುಬಾರಿ ಸ್ಕ್ಯಾನರ್ ಬೇಕಿಲ್ಲ.

ತಡೆಯುವ ವಿದ್ಯೆಯೂ ಹೊಸದಲ್ಲ. 1880ರ ದಶಕದಲ್ಲಿ ಅಮೆರಿಕದ ನಗರಗಳಲ್ಲಿ ವಿದ್ಯುತ್ ಟ್ರಾಮುಗಳು ಓಡತೊಡಗಿದಾಗ ಅವುಗಳ ಗದ್ದಲ ಟೆಲಿಫೋನ್ ತಂತಿಗಳಿಗೆ ನುಗ್ಗಿ ಮಾತೇ ಕೇಳಿಸದಂತಾಗುತ್ತಿತ್ತು. ಅದಕ್ಕೆ ಮದ್ದಾಗಿ ಬಳಕೆಗೆ ಬಂದದ್ದು ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದ ಉಪಾಯ: ಹೋಗುವ ಮತ್ತು ಬರುವ ತಂತಿಗಳನ್ನು ಜಡೆಯಂತೆ ಒಂದಕ್ಕೊಂದು ಹೊಸೆಯುವುದು. ಹೊಸೆದ ಎರಡೂ ತಂತಿಗಳಿಗೆ ಹೊರಗಿನ ಗದ್ದಲ ಸಮನಾಗಿ ತಾಗುತ್ತದೆ. ಆ ತುದಿಯಲ್ಲಿ ಎರಡರ ವ್ಯತ್ಯಾಸವನ್ನಷ್ಟೇ ಓದಿದರೆ ಗದ್ದಲ ಕಳೆದುಹೋಗಿ ಸುದ್ದಿ ಮಾತ್ರ ಉಳಿಯುತ್ತದೆ.

ಇಂದಿನ ವಾಹನಗಳಲ್ಲಿ ಎಂಜಿನ್, ಗೇರ್‌ಬಾಕ್ಸ್ ಮತ್ತು ಬ್ರೇಕಿನ ಕಂಪ್ಯೂಟರುಗಳು ಪರಸ್ಪರ ಮಾತಾಡುವ ಕ್ಯಾನ್ ಬಸ್ ನಿಂತಿರುವುದು ಇದೇ ತತ್ವದ ಮೇಲೆ. ಬಾಷ್ ಕಂಪನಿ 1986ರ ಫೆಬ್ರುವರಿಯಲ್ಲಿ ಡೆಟ್ರಾಯಿಟ್‌ನಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿತು. ಸುದ್ದಿ ಇಲ್ಲದಾಗ ಎರಡೂ ತಂತಿಗಳಲ್ಲಿ ಸುಮಾರು 2.5 ವೋಲ್ಟ್. ಸುದ್ದಿ ಹೊರಟಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ನಿಯಂತ್ರಕ ಓದುವುದು ನಡುವಿನ 2 ವೋಲ್ಟನ್ನು. ಇಷ್ಟು ಜಾಣ್ಮೆಯ ಏರ್ಪಾಡನ್ನು ಕೆಡಿಸಲು ಬಹಳ ಶ್ರಮ ಬೇಡ. ರಿಪೇರಿಯ ನೆಪದಲ್ಲಿ ಗೇಣುದ್ದದ ಹೊಸೆತ ಬಿಚ್ಚಿ, ಎರಡು ತಂತಿಗಳನ್ನು ಬೇರೆ ಬೇರೆ ದಾರಿಯಲ್ಲಿ ಎಳೆದು ಜಾಯಿಂಟ್ ಹೊಡೆದರೆ ಅಷ್ಟು ಉದ್ದಕ್ಕೂ ರಕ್ಷಣೆ ಹೋಯಿತು. ಜಾಲದ ಎರಡು ತುದಿಗಳಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಕಳಚಿ, ಎರಡು ತಂತಿಗಳ ನಡುವೆ ಅಳೆದಾಗ 60 ಓಮ್ ಬಂದರೆ ಎರಡೂ ರೆಸಿಸ್ಟರುಗಳು ಜಾಲದಲ್ಲಿವೆ ಎಂದರ್ಥ. 120 ಬಂದರೆ ಎಲ್ಲೋ ಒಂದು ಕಡೆ ಸಂಪರ್ಕ ಕಡಿದಿದೆ. ಈ ಒಂದು ಅಳತೆ ಎಷ್ಟೋ ಗೇರ್‌ಬಾಕ್ಸುಗಳನ್ನು ಅನಗತ್ಯವಾಗಿ ಇಳಿಸುವುದನ್ನು ತಪ್ಪಿಸಬಲ್ಲದು.

ಮಿಕ್ಕ ನಿಯಮಗಳೂ ಸರಳ. ಹೆಚ್ಚು ಕರೆಂಟ್ ಒಯ್ಯುವ ಕೇಬಲ್ಲನ್ನು ಸೆನ್ಸರ್ ವೈರಿನ ಜೊತೆ ಉದ್ದಕ್ಕೆ ಎಳೆಯಬಾರದು. ದಾಟಲೇಬೇಕಾದರೆ ಲಂಬವಾಗಿ ದಾಟಿಸಬೇಕು, ಆಗ ಪ್ರೇರಣೆ ಅತಿ ಕಡಿಮೆ. ವೇಗದ ಸೆನ್ಸರಿಗೆ ಲೋಹದ ಹೆಣಿಗೆಯ ಕವಚವಿರುವ ವೈರ್ ಇದ್ದಲ್ಲಿ ಅದೇ ಬಗೆಯ ವೈರನ್ನೇ ಹಾಕಬೇಕು. ಆ ಕವಚವನ್ನು ಸಾಮಾನ್ಯವಾಗಿ ನಿಯಂತ್ರಕದ ಕಡೆಯಿಂದ ಒಂದೇ ತುದಿಯಲ್ಲಿ ಅರ್ತ್ ಮಾಡಲಾಗುತ್ತದೆ. ಎರಡೂ ತುದಿಗಳನ್ನು ಬಾಡಿಗೆ ಕೊಟ್ಟರೆ ಎರಡು ಅರ್ತುಗಳ ನಡುವಿನ ವೋಲ್ಟೇಜ್ ವ್ಯತ್ಯಾಸದಿಂದ ಕವಚದಲ್ಲೇ ಕರೆಂಟ್ ಹರಿದು, ಕಾಯಬೇಕಾದುದೇ ಗದ್ದಲ ತರುತ್ತದೆ. ಲಾರಿ, ಬಸ್ಸುಗಳ ಜೆ1939 ಜಾಲದ ಕವಚವಿರುವ ಕೇಬಲ್ಲಿಗೂ ಒಂದೇ ಕಡೆ ಅರ್ತ್ ಎಂಬುದೇ ನಿಯಮ. ತಯಾರಕರು ಬೇರೆ ಕ್ರಮ ಸೂಚಿಸಿದ್ದರೆ ಅದನ್ನೇ ಪಾಲಿಸಬೇಕು. ಕಾರ್ಖಾನೆಯಲ್ಲಿದ್ದ ದಾರಿಯಲ್ಲೇ ವೈರ್ ಹಿಂತಿರುಗಬೇಕು.

ಈ ಶಿಸ್ತು ತಪ್ಪಿದಾಗ ಬೆಲೆ ತೆರುವವನು ಮಾಲೀಕ. ಸ್ಕ್ಯಾನರಿನಲ್ಲಿ ಪಿ0720 ಎಂಬ ಕೋಡ್ ಬಂದೊಡನೆ ಹೊಸ ವೇಗದ ಸೆನ್ಸರ್ ತರಿಸುತ್ತಾರೆ. ಆ ಕೋಡ್ ದೂರುವುದು ಸೆನ್ಸರಿನ ಇಡೀ ಸರ್ಕ್ಯೂಟನ್ನು. ವೈರು, ಕನೆಕ್ಟರ್, ಅರ್ತ್ ಎಲ್ಲವೂ ಅದರೊಳಗೆ ಬರುತ್ತವೆ. ಪಿ0730 ಬಂದರೆ ಗೇರಿನ ಅನುಪಾತ ತಪ್ಪಿದೆ ಎಂದರ್ಥ. ಕ್ಲಚ್ ನಿಜಕ್ಕೂ ಜಾರುತ್ತಿರಬಹುದು, ಅಥವಾ ಸುಳ್ಳು ಮಿಡಿತಗಳಿಂದ ಭಾಗಾಕಾರ ತಪ್ಪಿರಬಹುದು. ಮೊದಲನೆಯದೆಂದೇ ನಂಬಿ ಗೇರ್‌ಬಾಕ್ಸ್ ಬಿಚ್ಚಿದರೆ ಖರ್ಚು ಲೆಕ್ಕ ಮೀರುತ್ತದೆ, ದೋಷ ಮಾತ್ರ ಇದ್ದಲ್ಲೇ ಇರುತ್ತದೆ. ಎರಡನ್ನೂ ಬೇರ್ಪಡಿಸಿ ತೋರಿಸುವ ಉಪಕರಣ ಆಸಿಲೊಸ್ಕೋಪ್. ಸೆನ್ಸರ್ ವೈರಿನ ಅಲೆಯನ್ನು ಪರದೆಯ ಮೇಲೆ ಕಂಡು, ಹಾರ್ನ್ ಒತ್ತಿ, ದೀಪ ಹಾಕಿ, ಅಲೆಯ ಮೇಲೆ ಮುಳ್ಳುಗಳು ಏಳುತ್ತವೆಯೇ ಎಂದು ನೋಡಿದರೆ ಗದ್ದಲದ ಮೂಲ ಅಲ್ಲೇ ಸಿಕ್ಕಿಬೀಳುತ್ತದೆ.

ತಪ್ಪನ್ನೆಲ್ಲ ರಸ್ತೆಬದಿಯ ಆಟೋ ಎಲೆಕ್ಟ್ರಿಷಿಯನ್ ತಲೆಗೆ ಕಟ್ಟುವುದು ಅನ್ಯಾಯ. ಟೆಸ್ಟ್ ಲ್ಯಾಂಪ್ ಮತ್ತು ಅನುಭವದ ಬಲದಿಂದ ದಶಕಗಳ ಕಾಲ ಈ ನಾಡಿನ ಲಾರಿ, ಟ್ಯಾಕ್ಸಿ, ಟ್ರ್ಯಾಕ್ಟರುಗಳನ್ನು ಓಡಿಸಿದವರು ಅವರೇ. ಅವರ ಕೈಗೆ ವೈರಿಂಗ್ ನಕ್ಷೆ ಕೊಡದೆ, ಹೊಸ ವಿದ್ಯೆ ಕಲಿಸದೆ, ಕೆಲಸ ಕೆಟ್ಟಿತೆಂದು ಬೈಯುವ ಹಕ್ಕು ಯಾರಿಗೂ ಇಲ್ಲ. ಸ್ವತಂತ್ರ ಗ್ಯಾರೇಜುಗಳಿಗೆ ಬಿಡಿಭಾಗ, ಉಪಕರಣ ಮತ್ತು ತಾಂತ್ರಿಕ ಮಾಹಿತಿ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಪ್ರಕರಣ ಮೇಲ್ಮನವಿಗಳ ದಾರಿ ಹಿಡಿಯಿತು. ಆದರೆ ಆಯೋಗ ಎತ್ತಿದ ಪ್ರಶ್ನೆ ಇಂದಿಗೂ ಜೀವಂತವಾಗಿದೆ. ನಕ್ಷೆಯಿಲ್ಲದೆ ವೈರ್ ಮುಟ್ಟುವವನು ಊಹೆಯಿಂದಲೇ ಮುಟ್ಟಬೇಕಾಗುತ್ತದೆ.

ಬಾಷ್ ಕಂಪನಿಯ ಎಂಜಿನಿಯರುಗಳೂ 1996ರಿಂದ ಇಲ್ಲಿ ನೆಲೆಸಿರುವ ಮರ್ಸಿಡಿಸ್ ಬೆಂಜ್ ಸಂಶೋಧನಾ ಕೇಂದ್ರದವರೂ ವಾಹನಗಳ ಎಲೆಕ್ಟ್ರಾನಿಕ್ಸ್ ಮೇಲೆ ದುಡಿಯುವುದು ಬೆಂಗಳೂರಿನಲ್ಲೇ. ಅದೇ ನಗರದ ಗ್ಯಾರೇಜಿನ ಹುಡುಗನಿಗೆ ಕವಚದ ವೈರಿನ ಯಾವ ತುದಿಯನ್ನು ಅರ್ತ್ ಮಾಡಬೇಕೆಂದು ಕನ್ನಡದಲ್ಲಿ ಹೇಳಿಕೊಡುವ ಒಂದು ಕೈಪಿಡಿ ಇರಬೇಡವೇ? ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟಿಸಲಾಗಿದೆ. ಕಟ್ಟಡವಿದೆ, ಯಂತ್ರಗಳಿವೆ. ಅಲ್ಲಿ ವಾಹನ ವಿಭಾಗದ ಪ್ರತಿ ವಿದ್ಯಾರ್ಥಿಯೂ ಆಸಿಲೊಸ್ಕೋಪಿನಲ್ಲಿ ಸೆನ್ಸರಿನ ಅಲೆಯನ್ನು ಕಂಡು, ಹೊಸೆದ ಜೋಡಿಯನ್ನು ಕೆಡಿಸದೆ ಜೋಡಿಸಿ ತೋರಿಸಿದ ಮೇಲೆಯೇ ಪಾಸಾಗಬೇಕು. ಈಗಾಗಲೇ ದುಡಿಯುತ್ತಿರುವ ಎಲೆಕ್ಟ್ರಿಷಿಯನ್ನರಿಗೆ ಸಂಜೆಯ ಹೊತ್ತು ಇದೇ ಪಾಠದ ಕಿರು ತರಗತಿ ನಡೆಸಲು ಇದೇ ಪ್ರಯೋಗಾಲಯಗಳು ಸಾಕು.

ಎಲೆಕ್ಟ್ರಿಕ್ ವಾಹನ ಬಂದರೆ ಗೇರ್‌ಬಾಕ್ಸ್ ಚಿಂತೆ ತೀರುತ್ತದೆ ಎಂಬ ವಾದವಿದೆ. ಬಹುತೇಕ ಇವಿಗಳಲ್ಲಿ ಗೇರ್ ಬದಲಾವಣೆ ಇಲ್ಲವೆನ್ನುವುದು ನಿಜ. ಆದರೆ ಅಲ್ಲಿನ ಇನ್ವರ್ಟರ್ ನೂರಾರು ವೋಲ್ಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕೂಡಿಸುತ್ತದೆ. ಮೋಟಾರ್ ಯಾವ ಕೋನದಲ್ಲಿದೆ ಎಂದು ಹೇಳುವ ಸೆನ್ಸರಿನ ತಂತಿ ಅದರ ಪಕ್ಕದಲ್ಲೇ ಸಾಗುತ್ತದೆ. ಆ ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ಲುಗಳಿಗೆ ಕವಚ ತೊಡಿಸುವುದು ಈ ಕಾರಣಕ್ಕೇ. 2017ರಲ್ಲೇ ದೇಶದ ಮೊದಲ ಇವಿ ನೀತಿ ತಂದ ರಾಜ್ಯಕ್ಕೆ ಈ ವಿದ್ಯೆಯ ಅಗತ್ಯ ದಿನೇ ದಿನೇ ಹೆಚ್ಚುತ್ತದೆ.

ಸರ್ಕಾರ ಎಲ್ಲಿಂದ ಶುರು ಮಾಡಬೇಕೆಂಬ ಪ್ರಶ್ನೆಗೆ ಉತ್ತರ ಸರ್ಕಾರದ ಕೈಯಲ್ಲೇ ಇದೆ. ಬಸ್ಸು, ಟ್ಯಾಕ್ಸಿಯಂಥ ಪ್ರಯಾಣಿಕ ವಾಹನಗಳಿಗೆ ಎಐಎಸ್-140 ಪ್ರಕಾರ ಟ್ರ್ಯಾಕಿಂಗ್ ಸಾಧನ ಮತ್ತು ಪ್ಯಾನಿಕ್ ಬಟನ್ ಇರಬೇಕೆಂಬ ಕೇಂದ್ರದ ನಿಯಮ ಹೊಸ ವಾಹನಗಳಿಗೆ 2019ರ ಜನವರಿ 1ರಿಂದ ಬಂದಿದೆ. ಮಹಿಳೆಯರ ಸುರಕ್ಷತೆಗಾಗಿ ಬಂದ ಒಳ್ಳೆಯ ನಿಯಮ ಅದು. ಈ ಸಾಧನವನ್ನು ಹಳೆಯ ವಾಹನಕ್ಕೆ ಅಳವಡಿಸುವಾಗ ಕಾರ್ಖಾನೆಯ ವೈರಿಂಗಿಗೆ ಕೈ ಹಾಕಲೇಬೇಕು. ಆದ್ದರಿಂದ ಅಳವಡಿಕೆಯ ಪ್ರಮಾಣಪತ್ರದಲ್ಲಿ ಸಾಧನದ ನಂಬರಿನ ಜೊತೆಗೆ ಮೂರು ವಿವರಗಳನ್ನು ಸಾರಿಗೆ ಇಲಾಖೆ ಕಡ್ಡಾಯ ಮಾಡಲಿ: ವಿದ್ಯುತ್ ತೆಗೆದದ್ದು ಯಾವ ಫ್ಯೂಸಿನಿಂದ, ಅರ್ತ್ ಕೊಟ್ಟದ್ದು ಯಾವ ಬೋಲ್ಟಿಗೆ, ಗೇರ್‌ಬಾಕ್ಸ್ ಮತ್ತು ಬ್ರೇಕಿನ ವೈರಿಂಗನ್ನು ಎಲ್ಲಾದರೂ ಸುಲಿದಿದೆಯೇ. ಕೆಳಗೆ ಅಳವಡಿಸಿದವನ ಸಹಿ ಇರಲಿ. ಎಫ್‌ಸಿಗೆ ಬಂದಾಗ ಇನ್‌ಸ್ಪೆಕ್ಟರ್ ಆ ಕಾಗದವನ್ನೂ ಆ ಜಾಯಿಂಟನ್ನೂ ಒಟ್ಟಿಗೆ ನೋಡಲಿ. ಇದೇ ನಮೂನೆಯನ್ನು ಹಾರ್ನ್, ದೀಪ, ಆಂಪ್ಲಿಫೈಯರ್ ಮಾರುವ ಅಂಗಡಿಗಳಿಗೂ ವಿಸ್ತರಿಸಲು ಆಮೇಲೆ ಹೆಚ್ಚು ಕಾಲ ಬೇಕಾಗುವುದಿಲ್ಲ.